ಅಳುವಕ್ಕ ಸುಮ್ಮನಾದ ದಿನಗಳು

ಅವಳಷ್ಟು ಚೆನ್ನಾಗಿ ಅಳುವವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಹಾಗೆಂದು ಅವಳಿಗೆ ಅಳುವಂಥ ಕಷ್ಟವೇನೂ ಬಂದಿರಲಿಲ್ಲ. ಅಳು ಅವಳ ಕಸುಬು. ಬೇರೆ ಭಾಷೆಯ ಧಾರಾವಾಹಿಗಳಿಗೆ ನಮ್ಮ ಮಾತು ತೊಡಿಸುವ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳ ಕೆಲಸ. ಪರದೆಯ ಮೇಲೆ ಯಾವಳೋ ಕಣ್ಣೀರು ಸುರಿಸುತ್ತಿದ್ದರೆ, ಆ ಕಣ್ಣೀರಿಗೆ ಬೇಕಾದ ಬಿಕ್ಕು, ನಡುಕ, ಮೂಗಿನ ಸೊರಸೊರ, ಮಾತು ಅರ್ಧಕ್ಕೆ ಮುರಿದು ಬೀಳುವ ಆ ಒಂದು ಗಳಿಗೆ, ಎಲ್ಲವೂ ಇವಳ ಗಂಟಲಿನಿಂದ ಬರಬೇಕು. ಬರುತ್ತಿತ್ತು ಕೂಡ. ದೃಶ್ಯ ಮುಗಿದು ಕೆಂಪು ದೀಪ ಆರಿತೋ ಇಲ್ಲವೋ, ಹೆಡ್‌ಫೋನ್ ಕಿತ್ತಿಟ್ಟು, "ಈ ಮಹಾರಾಯ್ತಿ ಒಂದು ಸಲ ಮೂಗು ಒರೆಸ್ಕೊಂಡಿದ್ರೆ ಸಂಸಾರ ಸರಿಹೋಗ್ತಿತ್ತು," ಎಂದು ಕಿಸಕ್ಕನೆ ನಗುತ್ತಿದ್ದಳು. ಸ್ಟುಡಿಯೋದಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಅವಳನ್ನು ಅಳುವಕ್ಕ ಎಂದೇ ಕರೆಯುತ್ತಿದ್ದರು.

ಅಳು ಮಾತ್ರವಲ್ಲ. ಬೆಳಗ್ಗೆ ಹತ್ತಕ್ಕೆ ಹದಿನೆಂಟರ ನಾಯಕಿಯಾದವಳು ಊಟದ ಹೊತ್ತಿಗೆ ಸೊಸೆಯನ್ನು ಹುರಿದು ಮುಕ್ಕುವ ಅತ್ತೆಯಾಗುತ್ತಿದ್ದಳು. ಮಧ್ಯಾಹ್ನ ಮಕ್ಕಳ ಕಾರ್ಟೂನಿನಲ್ಲಿ ಅಳಿಲು. ಸಂಜೆಗೆ ಸೋಪಿನ ಜಾಹೀರಾತು. ಒಂದು ಸಲ ಒಂದೇ ಜಗಳದಲ್ಲಿ ತಾಯಿ, ಮಗಳು ಇಬ್ಬರಿಗೂ ಅವಳದೇ ದನಿ. ತನ್ನನ್ನು ತಾನೇ ಬೈದು, ತಾನೇ ಅತ್ತು, ತಾನೇ ಕ್ಷಮಿಸಿ ಮನೆಗೆ ಬಂದಿದ್ದಳು.

ಈ ಕಲೆ ಅವಳಿಗೆ ಅಂಟಿದ್ದು ಚಿಕ್ಕಂದಿನಲ್ಲೇ. ತಾಯಿ ಬೇಗ ತೀರಿಹೋಗಿದ್ದರಿಂದ ತಾಯಿಯ ಅಕ್ಕ, ಅಂದರೆ ದೊಡ್ಡಮ್ಮ, ಅವಳನ್ನು ಸಾಕಿದಳು. ದೊಡ್ಡಮ್ಮ ಶಾಲೆಯಲ್ಲಿ ಲೆಕ್ಕದ ಟೀಚರು. ಮದುವೆಯ ಗೋಜಿಗೆ ಹೋದವಳಲ್ಲ. ಇಬ್ಬರೇ ಇರುವ ಮನೆ ಬಿಕೋ ಎನ್ನಬಾರದೆಂದು ಹುಡುಗಿ ಹೆಡ್‌ಮಾಸ್ತರನ್ನು, ಎದುರುಮನೆಯ ಗಂಡಹೆಂಡಿರನ್ನು, ಹಾಲಿನವನನ್ನು, ಅವನ ಕೆಮ್ಮನ್ನು ಸಹ ಅಡುಗೆಮನೆಗೆ ಕರೆತಂದುಬಿಡುತ್ತಿದ್ದಳು. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಗುವಳು. ನಕ್ಕಾದ ಮೇಲೆ ಕಣ್ಣೊರೆಸಿಕೊಳ್ಳುತ್ತ, "ಇಷ್ಟೆಲ್ಲ ದನಿ ಮಾಡ್ತೀಯಲ್ಲ ಪುಟ್ಟಿ, ಇದರಲ್ಲಿ ನಿಂದು ಯಾವುದು?" ಎಂದು ಕೇಳುವಳು. ಹುಡುಗಿ ಆಗ, "ಹಸಿವಾಗ್ತಿದೆ ಅನ್ನೋದು ನಂದು," ಎನ್ನುತ್ತಿದ್ದಳು. ಪ್ರಶ್ನೆ ಅಲ್ಲಿಗೆ ಮುಗಿಯುತ್ತಿತ್ತು.

ಮುಗಿಯುತ್ತಿತ್ತು ಎಂದು ಹುಡುಗಿ ಅಂದುಕೊಂಡಿದ್ದಳು, ಅಷ್ಟೆ. ದೊಡ್ಡಮ್ಮನಿಗೆ ಅದು ಆಟದ ಪ್ರಶ್ನೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಅವಳು ಸಾಕುಮಗಳ ಮನೆಗೇ ಬಂದು ನೆಲೆಸಿ, ಭಾನುವಾರದ ಮಧ್ಯಾಹ್ನ ಮಹಡಿ ಕೋಣೆಯಲ್ಲಿ ವೇದಾಂತದ ಪಾಠ ಶುರು ಮಾಡಿದಳು. ಶಿಷ್ಯವರ್ಗವೆಂದರೆ ಬೇಕರಿಯ ಯಜಮಾನಿ, ರಿಟೈರಾದ ಪೋಸ್ಟ್‌ಮ್ಯಾನ್, ಮತ್ತು ಫ್ಯಾನಿನ ಕೆಳಗಿನ ಕುರ್ಚಿಗಾಗಿಯೇ ಬರುವ ಒಬ್ಬ ವಿಮಾ ಏಜೆಂಟು. ಲೆಕ್ಕ ಹೇಳಿಕೊಟ್ಟ ಬಾಯಿ. ವೇದಾಂತವನ್ನೂ ಬೋರ್ಡಿನ ಮೇಲೆ ಬಿಡಿಸುವಂತೆಯೇ ಹೇಳುತ್ತಿದ್ದಳು. "ನಿಮಗೆ ಕಾಣಿಸೋದು ನೀವಲ್ಲ. ಮೇಜು ಕಾಣಿಸುತ್ತೆ, ನೀವು ಮೇಜಲ್ಲ. ಕೈ ಕಾಣಿಸುತ್ತೆ, ಕೈಯೂ ಅಲ್ಲ. ಸಿಟ್ಟು ಬಂತು ಅಂತ ಗೊತ್ತಾಗುತ್ತೆ, ಹಾಗಾದ್ರೆ ಸಿಟ್ಟೂ ಅಲ್ಲ. ಒಂದೊಂದಾಗಿ ಕಳೀತಾ ಹೋಗಿ. ಕಳೆಯೋಕೆ ಆಗದೆ ಏನು ಉಳಿಯುತ್ತೋ ಅದು ನೀವು." ಸರಿಯಾಗಿ ಇಲ್ಲಿಗೆ ಬರುವಷ್ಟರಲ್ಲಿ ಅಳುವಕ್ಕ ಟೀ ತಟ್ಟೆ ಹಿಡಿದು ಒಳಗೆ ಬರುತ್ತಿದ್ದಳು, ಲೋಟ ಹಂಚುತ್ತಿದ್ದಳು, ಬಿಸ್ಕತ್ತು ತರುವ ನೆಪದಲ್ಲಿ ಇಳಿದುಹೋಗುತ್ತಿದ್ದಳು. ಮುಂದಿನ ಅರ್ಧ ಪಾಠ ಅವಳ ಕಿವಿಗೆ ಎಂದೂ ಬಿದ್ದದ್ದಿಲ್ಲ. ಅವಳಿಗೆ ಅದರ ಕೊರತೆಯೂ ಕಾಣಲಿಲ್ಲ. ಕೆಳಗೆ ಬಂದು ಗಂಡನ ಮುಂದೆ ದೊಡ್ಡಮ್ಮನ ದನಿಯಲ್ಲೇ, "ನೀವು ಮೇಜಲ್ಲ ಕಣ್ರೀ, ಗೊತ್ತಾಯ್ತಾ?" ಎಂದು ಹೇಳಿ ನಗಿಸುವುದು ಅವಳಿಗೆ ಸಾಕಾಗಿತ್ತು.

ಗಂಡ ಹೊಲಿಗೆ ಮಿಷನ್ ರಿಪೇರಿಯವನು. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಎಣ್ಣೆಯ ವಾಸನೆ, ಸ್ಕ್ರೂಗಳ ಡಬ್ಬಿ, ಕಾಲು ಕಳಚಿಕೊಂಡು ಕುಳಿತ ಮಿಷನ್ನುಗಳು. ಮಾತಿನಲ್ಲಿ ಬಲು ಜಿಪುಣ. ಹೆಂಡತಿಯ ಮಾತಿಗೆ ಮಧ್ಯೆ ಜಾಗ ಸಿಗದೆ ಹಾಗಾದನೋ, ಹುಟ್ಟಿದ್ದೇ ಹಾಗೋ ಯಾರಿಗೂ ತಿಳಿಯದು. ಮಗಳು ಕಾಲೇಜಿನಲ್ಲಿ ಓದುತ್ತಿದ್ದಳು. ಮಾತಿನಲ್ಲಿ ತಾಯಿಯ ಮೇಲೆ ಹೋಗಿದ್ದಳು.

ಸಂಜೆಗೆ ಆ ಮನೆಯಲ್ಲಿ ಒಂದು ಆಟ ನಡೆಯುತ್ತಿತ್ತು. ಟೀವಿ ಹಚ್ಚುವುದು. ಟೀವಿಯ ಬೆಳಕಿಗೆ ಕಣ್ಣಲ್ಲಿ ನೀರು ಬರುತ್ತದೆಂದು ದೊಡ್ಡಮ್ಮ ಕಣ್ಣು ಮುಚ್ಚಿ, ಕೈಕಟ್ಟಿ ಕೂರುವುದು. ಪರದೆಯ ಮೇಲೆ ಯಾರಾದರೂ ಬಾಯಿ ಬಿಟ್ಟ ಕೂಡಲೇ ದೊಡ್ಡಮ್ಮ ಅಳುವಕ್ಕನ ಮಂಡಿ ತಟ್ಟಿ, "ಇದು ನೀನು," ಎನ್ನುವುದು. ನಾಯಕಿ ಬಂದರೆ "ಇದು ನೀನು." ಅತ್ತೆ ಬಂದರೆ "ಇದೂ ನೀನೇ." ಅಳಿಲು ಚಿಂವ್ ಎಂದರೂ "ಇದೂ ನೀನೇ." ಮಗಳಿಗೆ, ಗಂಡನಿಗೆ ಎಷ್ಟೋ ಸಲ ಗುರುತೇ ಹತ್ತುತ್ತಿರಲಿಲ್ಲ. ಆದರೆ ಮುದುಕಿಯ ಕಿವಿ ತಪ್ಪುತ್ತಿರಲಿಲ್ಲ. ಒಮ್ಮೆ ಮಾತ್ರ ಗಿರಿಜಾ ಮೀಸೆಯ ಖಳನಾಯಕ ಗುಡುಗಿದಾಗಲೂ ದೊಡ್ಡಮ್ಮ ಮಂಡಿ ತಟ್ಟಿ "ಇದೂ ನೀನೇ" ಎಂದುಬಿಟ್ಟಿದ್ದಳು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕು, ವಯಸ್ಸಾಯಿತು ಪಾಪ ಎಂದು ಅದನ್ನು ಮನ್ನಿಸಿದ್ದರು. ಎಷ್ಟು ವೇಷ ಹಾಕಿದರೂ ತನ್ನನ್ನು ಗುರುತು ಹಿಡಿಯುವ ಒಂದು ಜೀವ ಮನೆಯಲ್ಲಿದೆ ಎಂಬುದು ಅಳುವಕ್ಕನಿಗೆ ಹೇಳಿಕೊಳ್ಳಲಾರದ ಹಿಗ್ಗು.

ಹೀಗಿರುವಾಗ ಒಂದು ದಿನ, ಸ್ಟುಡಿಯೋದಲ್ಲಿ ಒಳ್ಳೆಯ ಅಳುವಿನ ನಟ್ಟನಡುವೆ ದನಿ ನಿಂತುಹೋಯಿತು.

ನಾಯಕಿ ರೈಲಿನ ಹಿಂದೆ ಓಡುತ್ತಿದ್ದಳು. ಇವಳು ಮೈಕಿನ ಮುಂದೆ ನಿಂತು ಗಂಡನನ್ನು ಕೂಗಬೇಕಿತ್ತು. ಬಾಯಿ ತೆರೆದಳು, ಗಾಳಿ ಬಂತು. ಮತ್ತೆ ತೆರೆದಳು, ಮತ್ತೆ ಗಾಳಿ. ಗಾಜಿನ ಆಚೆ ಕುಳಿತಿದ್ದ ಸೌಂಡ್ ಎಂಜಿನಿಯರು ಮೊದಲು ತನ್ನ ಯಂತ್ರವನ್ನೇ ಅನುಮಾನಿಸಿ ಗುಂಡಿಗಳನ್ನು ತಿರುಗಿಸಿದ. ಅವನನ್ನು ಎಲ್ಲರೂ ಕಿವಿಯಪ್ಪ ಎನ್ನುತ್ತಿದ್ದರು. ಪಕ್ಕದ ಬೀದಿಯಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿದ್ದು ಅವನಿಗೆ ಕೇಳಿಸುತ್ತಿತ್ತು. ಆ ದಿನ ಅವನಿಗೂ ಏನೂ ಕೇಳಿಸಲಿಲ್ಲ. ರೈಲು ಹೊರಟುಹೋಯಿತು. ನಾಯಕಿ ಮೂಕಿಯಾಗಿ ಪ್ಲಾಟ್‌ಫಾರ್ಮಿನ ಮೇಲೆ ನಿಂತಳು.

ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಸ್ವರತಂತುವಿನ ಮೇಲೆ ಗಂಟಾಗಿದೆ, ತೆಗೆಯಬೇಕು ಎಂದರು. ತೆಗೆದೂ ಆಯಿತು. ಭಯಪಡುವಂಥ ಗಂಟಲ್ಲ ಎಂದು ತಿಳಿದು ಮನೆಯವರು ಉಸಿರು ಬಿಟ್ಟರು. ಡಾಕ್ಟರಮ್ಮ ಮಾತ್ರ ಬೆರಳೆತ್ತಿ ಹೇಳಿದರು, "ನಾನು ಹೇಳೋವರೆಗೂ ಒಂದು ಮಾತಿಲ್ಲ. ಪಿಸುಮಾತೂ ಬೇಡ. ಅದು ಇನ್ನೂ ಕೆಟ್ಟದ್ದು. ಆಮೇಲೆ ದನಿ ಬರುತ್ತೆ. ಹೇಗೆ ಬರುತ್ತೆ, ಮುಂಚಿನ ಹಾಗೇ ಬರುತ್ತಾ ಅಂದ್ರೆ, ಈಗಲೇ ಹೇಳೋಕಾಗಲ್ಲ."

ಅಳುವಕ್ಕ ಹೆದರಿದ್ದು ಆ ಕೊನೆಯ ಮಾತಿಗೆ. ಕೆಲಸ ಹೋದರೆ ಹೋಗಲಿ, ಗಂಡನ ಅಂಗಡಿಯಿದೆ. ಆದರೆ ದನಿಯೇ ಹೋದರೆ ತಾನು ಯಾರು? ಬೀದಿಯಲ್ಲಿ ಅವಳ ಮುಖ ನೋಡಿ ಯಾರೂ ತಿರುಗುತ್ತಿರಲಿಲ್ಲ. ಬಾಯಿ ತೆರೆದರೆ ಇಡೀ ಬೀದಿಯೇ ತಿರುಗುತ್ತಿತ್ತು. ಅವಳಿಗಿದ್ದದ್ದು ಅದೊಂದೇ ಗುರುತು.

ಮೊದಲ ದಿನಗಳು ತಮಾಷೆಯಾಗಿಯೇ ಹೋದವು. ಮಗಳ ಹಳೆಯ ಸ್ಲೇಟು ಅಟ್ಟದಿಂದ ಇಳಿದು, ದಾರ ಕಟ್ಟಿಸಿಕೊಂಡು ಅಳುವಕ್ಕನ ಕೊರಳಿಗೆ ಬಿತ್ತು. ಇವಳು ಮಾತಾಡುವುದಿಲ್ಲ ಎಂದರೆ ಜನ ಇವಳಿಗೆ ಕೇಳಿಸುವುದೂ ಇಲ್ಲ ಎಂದುಕೊಂಡರು. ತರಕಾರಿಯವಳು ಕಿವಿಯ ಹತ್ತಿರ ಬಂದು, "ಬೀನ್ಸ್ ಚೆನ್ನಾಗಿದೆ," ಎಂದು ಬೀದಿಯೆಲ್ಲ ಬೆಚ್ಚುವಂತೆ ಕಿರುಚಿದಳು. ಬೇಕರಿ ಯಜಮಾನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಾನೂ ಮಾತು ಬಿಟ್ಟು, ಬ್ರೆಡ್ಡಿನ ಉದ್ದಗಲವನ್ನು ಕೈಯಲ್ಲೇ ತೋರಿಸಿದಳು. ಎಲ್ಲಕ್ಕಿಂತ ಸೋಜಿಗವೆಂದರೆ ಗಂಡ. ಇಷ್ಟು ವರ್ಷ ತುಟಿ ಪಿಟಕ್ಕೆನ್ನದ ಮನುಷ್ಯ ಊಟಕ್ಕೆ ಕುಳಿತರೆ ಏಳುವವರೆಗೂ ಮಾತು. ಯಾವ ಮಿಷನ್ನಿನ ಬಾಬಿನ್ ಯಾಕೆ ದಾರ ಕಚ್ಚುತ್ತದೆ, ತಾನು ಚಿಕ್ಕವನಿದ್ದಾಗ ಈಜು ಹೇಗೆ ಕಲಿತೆ, ಮದುವೆಗೆ ಮುಂಚೆ ಇವಳನ್ನು ನೋಡಲು ಯಾವ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿದ್ದೆ, ಎಲ್ಲವೂ ಹೊರಬಂತು. ಅಳುವಕ್ಕ ಬೆರಗಾಗಿ ಸ್ಲೇಟಿನ ಮೇಲೆ ಬರೆದಳು, "ಇದೆಲ್ಲ ಮುಂಚೆ ಯಾಕೆ ಹೇಳಲಿಲ್ಲ?" ಅವನು ಓದಿ, "ನೀನು ಉಸಿರು ತಗೊಂಡಿದ್ರೆ ಹೇಳ್ತಿದ್ದೆ," ಎಂದು ಮಜ್ಜಿಗೆ ಕುಡಿದ.

ತಮಾಷೆ ತೀರಿದ್ದು ಒಂದು ಸಂಜೆ. ಮಗಳು ಮರೆತು ಆ ರೈಲಿನ ನಾಯಕಿಯ ಧಾರಾವಾಹಿ ಹಾಕಿದಳು. ನಾಯಕಿ ಬಂದಳು, ಬಾಯಿ ತೆರೆದಳು, ಬೇರೆ ಯಾರದೋ ದನಿ. ಸ್ಟುಡಿಯೋಗೆ ಹೊಸದಾಗಿ ಬಂದ ಹುಡುಗಿಯದು. ಎಳೆಯ, ತಿಳಿಯಾದ ದನಿ. ಚೆನ್ನಾಗಿಯೂ ಅಳುತ್ತಿದ್ದಳು, ಹಾಳಾದವಳು. ಕೆಟ್ಟದಾಗಿ ಅತ್ತಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಬೀದಿಯ ಯಾರಿಗೂ, ಯಾವ ಮನೆಯಲ್ಲೂ, ವ್ಯತ್ಯಾಸ ತಿಳಿದಿರಲಿಕ್ಕಿಲ್ಲ. ಅಳುವಕ್ಕ ಎದ್ದು ಮಹಡಿ ಕೋಣೆಗೆ ಹೋಗಿ, ಪಾಠದ ಕುರ್ಚಿಯೊಂದರಲ್ಲಿ ಕುಸಿದಳು. ಅಳು ಬಂತು. ಗಂಟಲಿಗೆ ಪೆಟ್ಟಾದೀತೆಂದು ನಿಜವಾದ ಅಳುವನ್ನು ಸಹ ಸದ್ದಿಲ್ಲದೆ ಅಳಬೇಕಾಯಿತು.

ಹಿಂದೆಯೇ ಮೆಟ್ಟಿಲು ಹಿಡಿದು ಹಿಡಿದು ದೊಡ್ಡಮ್ಮ ಬಂದಳು. ಅಳುವಕ್ಕ ಸ್ಲೇಟಿನ ಮೇಲೆ ಎರಡು ಪದ ಬರೆದು ಅವಳತ್ತ ತಿರುಗಿಸಿದಳು. "ನಾನು ಹೋದೆ."

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಓದಿದಳು. "ಅಕ್ಷರ ದುಂಡಗಿದೆ," ಎಂದಳು. "ಬರೆದೋರು ಯಾರು?"

ಅಳುವಕ್ಕ ತನ್ನ ಎದೆ ಮುಟ್ಟಿ ತೋರಿಸಿದಳು.

"ಹೋದೋಳು ಬರೀತಾಳಾ?"

ಅಳುವಕ್ಕ ಸಿಟ್ಟಿನಿಂದ ಸ್ಲೇಟು ಒರೆಸಿ, ದೊಡ್ಡದಾಗಿ ಬರೆದಳು. "ನನ್ನ ದನಿ ಹೋಯಿತು."

"ಹಾಂ, ಇದು ಲೆಕ್ಕ. ದನಿ ಹೋಯಿತು. ಹೋಗಿದ್ದು ಯಾರಿಗೆ ಗೊತ್ತಾಯ್ತು?" ದೊಡ್ಡಮ್ಮ ಎದುರಿಗೆ ಕುರ್ಚಿ ಎಳೆದುಕೊಂಡಳು. "ಮೂವತ್ತು ವರ್ಷದಿಂದ ಕೇಳ್ತಾ ಇದೀನಿ, ನೀನು ಯಾರು ಅಂತ. ಯಾವಾಗ್ಲೂ ಯಾರದೋ ದನಿ ಮಾಡಿ ತಪ್ಪಿಸ್ಕೊಂಡೆ. ಈಗ ಸಿಕ್ಕಿದೀಯ. ಬರಿ, ನೋಡೋಣ."

ಬೇರೆ ದಿನವಾಗಿದ್ದರೆ ಅಳುವಕ್ಕ ಟೀ ತರಲು ಎದ್ದುಹೋಗುತ್ತಿದ್ದಳು. ಆ ದಿನ ಏಳುವ ಮನಸ್ಸಿರಲಿಲ್ಲ. "ಅಳುವಕ್ಕ," ಎಂದು ಬರೆದಳು. "ಅದು ಸ್ಟುಡಿಯೋದವರು ಇಟ್ಟಿದ್ದು. ಅದಕ್ಕೆ ಮುಂಚೆ ನೀನಿರ್ಲಿಲ್ವಾ?" ಎಂದು ದೊಡ್ಡಮ್ಮ ಒದ್ದೆ ಬಟ್ಟೆಯಿಂದ ಒರೆಸಿದಳು. "ಇವರ ಹೆಂಡತಿ." ಒರೆಸಿದಳು. "ತಾಯಿ." ಒರೆಸಿದಳು. "ನೀನು ಸಾಕಿದ ಮಗಳು," ಎಂದು ಬರೆದಾಗ ದೊಡ್ಡಮ್ಮನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಒರೆಸಿದಳು, ಸ್ವಲ್ಪ ಮೆಲ್ಲಗೆ. "ದುಃಖ," ಎಂದು ಬರೆದಳು. "ಬೆಳಗ್ಗೆ ಇತ್ತಾ?" ಇರಲಿಲ್ಲ. ಅದೂ ಹೋಯಿತು. ಬರೆಯಲು ಇನ್ನೇನೂ ತೋಚದೆ ಅಳುವಕ್ಕ ಕಪ್ಪು ಸ್ಲೇಟನ್ನೇ ನೋಡುತ್ತ ಕುಳಿತು, ಕೊನೆಗೆ "ಖಾಲಿ" ಎಂದು ಬರೆದಳು.

"ಖಾಲಿ ಅಂತ ಕಂಡೋರು ಯಾರು?" ಎಂದಳು ದೊಡ್ಡಮ್ಮ.

ಅಳುವಕ್ಕ ಬಳಪವನ್ನು ಕಿಟಕಿಯಿಂದಾಚೆ ಎಸೆದಳು. ಅದು ಕೆಳಗೆ ಅಂಗಡಿಯ ತಗಡಿನ ಮೇಲೆ ಟಣ್ ಎಂದಿತು. "ಏನು ಬಿತ್ತು?" ಎಂದು ಗಂಡ ಕೂಗಿದ. "ವೇದಾಂತ," ಎಂದು ದೊಡ್ಡಮ್ಮ ಮೇಲಿನಿಂದಲೇ ಉತ್ತರ ಕೊಟ್ಟಳು.

ಮರುದಿನ ಅಳುವಕ್ಕನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಕಾಲುಗಳು ತಾವಾಗಿ ಸ್ಟುಡಿಯೋದ ದಾರಿ ಹಿಡಿದವು. ಹೊಟ್ಟೆಕಿಚ್ಚೋ, ರೂಢಿಯೋ, ಎರಡೂ ಇರಬಹುದು. ಕಿವಿಯಪ್ಪ ಗಾಜಿನ ಈಚೆ ತನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಟ್ಟ. ಗಾಜಿನ ಆಚೆ ಹೊಸ ಹುಡುಗಿ ಮೈಕಿನ ಮುಂದೆ ನಿಂತಿದ್ದಳು. ಇವಳನ್ನು ಕಂಡು ಹೆದರಿ ನೀರು ಕುಡಿದಳು.

ಕಿವಿಯಪ್ಪನದೊಂದು ಪದ್ಧತಿ. ಮಾತು ಹಿಡಿಯುವುದಕ್ಕೆ ಮುಂಚೆ ಅವನು ಕೋಣೆಯನ್ನೇ ಹಿಡಿಯುತ್ತಿದ್ದ. ಜನ ಇದ್ದಲ್ಲೇ ಇರಬೇಕು, ಯಾರೂ ಅಲುಗಬಾರದು, ಉಸಿರು ಸಹ ಮೆಲ್ಲಗೆ. ಅರ್ಧ ನಿಮಿಷ ಬರೀ ಕೋಣೆಯ ಸದ್ದು ರೆಕಾರ್ಡಾಗಬೇಕು. ಆಮೇಲೆ ಅದನ್ನು ಎಲ್ಲ ಮಾತುಗಳ ಅಡಿಗೆ ಹಾಸುವುದು. ಅದಿಲ್ಲದಿದ್ದರೆ ಮಾತು ಮಾತಿನ ನಡುವೆ ಕಿವಿ ಗುಂಡಿಗೆ ಬಿದ್ದಂತಾಗುತ್ತದೆ. ಇದಕ್ಕೆ ಅವನಿಟ್ಟ ಹೆಸರೇ ಖಾಲಿ. "ಖಾಲಿ ತಗೋತೀನಿ," ಎಂದರೆ ಸ್ಟುಡಿಯೋ ಕಲ್ಲಾಗಬೇಕು. ಆ ಅರ್ಧ ನಿಮಿಷ ಅಳುವಕ್ಕನಿಗೆ ಎಂದೂ ದಕ್ಕಿದ್ದಿಲ್ಲ. ನಗು ಉಕ್ಕುವುದು, ಹೊಟ್ಟೆ ಗುರ್ರೆನ್ನುವುದು, ಬಳೆ ಕಿಣಿ ಎನ್ನುವುದು. "ಅಳುವಕ್ಕ ಇದ್ರೆ ಖಾಲೀನೂ ತುಂಬಿರುತ್ತೆ," ಎಂದು ಗೊಣಗುತ್ತ ಅವನು ಇವಳನ್ನು ಹೊರಗೆ ಕಳಿಸಿಯೇ ಅದನ್ನು ಹಿಡಿಯುತ್ತಿದ್ದ. ಅಂದರೆ ಇಷ್ಟು ವರ್ಷ ತನ್ನ ಪ್ರತಿಯೊಂದು ಮಾತಿನ ಕೆಳಗೂ ಇದ್ದದ್ದನ್ನು ಅವಳು ಒಮ್ಮೆಯೂ ಕುಳಿತು ಕೇಳಿರಲಿಲ್ಲ.

"ಖಾಲಿ ತಗೋತೀನಿ," ಎಂದು ಕಿವಿಯಪ್ಪ ಅಂದ. ಅಭ್ಯಾಸದಂತೆ ಬಾಗಿಲ ಕಡೆ ನೋಡಿದ. ಆಮೇಲೆ ನೆನಪಾಗಿ, "ನೀವು ಇರಿ ಬಿಡಿ, ಈಗ ನಿಮ್ಮಷ್ಟು ಒಳ್ಳೇವರು ಯಾರಿದಾರೆ," ಎಂದು ಒಂದು ಹೆಡ್‌ಫೋನ್ ಅವಳ ಕೈಗಿಟ್ಟ.

ಕೆಂಪು ದೀಪ ಹತ್ತಿತು. ಅಳುವಕ್ಕ ಕೇಳಿದಳು.

ಮೊದಲು ಏನೂ ಇರಲಿಲ್ಲ. ಆಮೇಲೆ ಏನೂ ಇಲ್ಲ ಎಂಬುದು ಕೇಳಿಸತೊಡಗಿತು. ಎಲ್ಲಿಯೂ ಶುರುವಾಗದ, ಎಲ್ಲಿಯೂ ಮುಗಿಯದ ಒಂದು ತಣ್ಣನೆಯ ಇರುವಿಕೆ. ಅದಕ್ಕೆ ಹೆಣ್ಣು ದನಿಯಿಲ್ಲ, ಗಂಡು ದನಿಯಿಲ್ಲ. ಹುಡುಗಿ ಮಾತು ಶುರು ಮಾಡಿದಳು. ಅಳು ಎದ್ದಿತು, ಏರಿತು, ಒಡೆಯಿತು, ಮತ್ತೆ ಅದರೊಳಗೇ ಇಳಿಯಿತು. ಅಳುವಿಗೆ ಅದು ಒದ್ದೆಯಾಗಲಿಲ್ಲ. ಆ ಹುಡುಗಿಯ ಕೆಳಗಿದ್ದದ್ದೂ ಅದೇ, ಮೊನ್ನೆಯವರೆಗೆ ತನ್ನ ಕೆಳಗಿದ್ದದ್ದೂ ಅದೇ. ಅತ್ತೆಯ ಕೆಳಗೆ, ಅಳಿಲಿನ ಕೆಳಗೆ ಬೇರೆ ಬೇರೆ ಖಾಲಿಯನ್ನು ಕಿವಿಯಪ್ಪ ಯಾವತ್ತಾದರೂ ಹಾಸಿದ್ದನೇ? ಅಳುವಕ್ಕ ಕಣ್ಣು ಮುಚ್ಚಿದಳು. ಈಗ ಕೇಳುತ್ತಿರುವ ತನ್ನೊಳಗೂ ಅಂಥದೇ ಒಂದು ಜಾಗ ಇತ್ತು. ಭಯ ಅಲ್ಲಿ ಬಂದಿತ್ತು, ಹೊಟ್ಟೆಕಿಚ್ಚು ಬಂದಿತ್ತು, ಇದೋ ಈಗ ಹೊರಡುತ್ತಲೂ ಇತ್ತು. ಜಾಗ ಹಾಗೆಯೇ ಇತ್ತು. ಅದಕ್ಕೆ ಗಂಟಾಗಿರಲಿಲ್ಲ. ಅದನ್ನು ಯಾವ ಡಾಕ್ಟರೂ ಕೊಯ್ದಿರಲಿಲ್ಲ. ಮತ್ತೆ ಅದು ಎಲ್ಲಿಯೋ ಇದ್ದು ಅವಳು ಇಲ್ಲಿಂದ ನೋಡುತ್ತಿದ್ದುದಲ್ಲ. ನೋಡುತ್ತಿದ್ದದ್ದೇ ಅದು. ಖಾಲಿ ಅಂತ ಕಂಡೋರು ಯಾರು ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಉತ್ತರ ಬಳಪದಲ್ಲಿ ಬರೆಯುವಂಥದ್ದಾಗಿರಲಿಲ್ಲ.

ಅವಳಿಗೆ ಎಂಥ ಸಂತೋಷವಾಯಿತೆಂದರೆ, ಕುರ್ಚಿಯಲ್ಲಿ ಕುಳಿತೇ ಮೈಯೆಲ್ಲ ಅಲುಗುವಂತೆ ನಕ್ಕಳು, ಒಂದಿಷ್ಟೂ ಸದ್ದಿಲ್ಲದೆ. ಹುಡುಗಿ ತನ್ನ ಅಳುವನ್ನು ನೋಡಿ ನಗುತ್ತಿದ್ದಾಳೆಂದು ಕಂಗಾಲಾಗಿ ನಿಂತಳು. ಅಳುವಕ್ಕ ಒಳಗೆ ಹೋಗಿ ಹುಡುಗಿಯ ಎರಡೂ ಕೆನ್ನೆ ಹಿಡಿದು, ಸ್ಲೇಟಿನಲ್ಲಿ ಬರೆದು ತೋರಿಸಿದಳು. "ಚೆನ್ನಾಗಿ ಅಳ್ತೀಯ. ಬಿಕ್ಕೋ ಮುಂಚೆ ಉಸಿರು ನಿಲ್ಲಿಸು, ಇನ್ನೂ ಚೆನ್ನಾಗಿ ಬರುತ್ತೆ." ಹುಡುಗಿ ನಿಲ್ಲಿಸಿದಳು. ಅದು ಬಂತು. ಗಾಜಿನಾಚೆ ಕಿವಿಯಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಅಂದಿನಿಂದ ಮನೆಯವರಿಗೆ ಅವಳ ಮೌನದ ರೀತಿಯೇ ಬೇರೆಯಾದಂತೆ ಕಂಡಿತು. ಸ್ಲೇಟು ಎಷ್ಟೋ ಸಲ ಮೊಳೆಗೇ ನೇತಾಡುತ್ತಿತ್ತು. ಗಂಡನ ಕಥೆ ಕೇಳುತ್ತ ತಟ್ಟೆ ತೊಳೆಯುವಳು. ಮಿಷನ್ನುಗಳ ಟಕಟಕ ಕೇಳುತ್ತ ಬಟ್ಟೆ ಮಡಿಸುವಳು. ಭಾನುವಾರ ಮಹಡಿಗೆ ಟೀ ಒಯ್ದು, ಮೊದಲ ಬಾರಿಗೆ ಕೆಳಗಿಳಿಯದೆ ವಿಮಾ ಏಜೆಂಟಿನ ಪಕ್ಕದಲ್ಲಿ ಕುಳಿತಳು. ಆದರೆ ಅಂದು ದೊಡ್ಡಮ್ಮನಿಗೆ ನೆಗಡಿ. ಅರ್ಧ ಪಾಠಕ್ಕೇ ಸೀನು ಹತ್ತಿ ಕ್ಲಾಸು ಮುಗಿಯಿತು. ಅಳುವಕ್ಕನ ಹಣೆಬರಹವೇ ಹಾಗೆ.

ಬಾಯಿ ಬಿಚ್ಚುವ ದಿನ ಬಂತು. ಡಾಕ್ಟರಮ್ಮನ ಕೋಣೆಯಲ್ಲಿ ಇಡೀ ಸಂಸಾರ ಹಾಜರು. ಮೊದಲ ಮಾತು ಯಾವುದಿರಬಹುದೆಂದು ತಂದೆ ಮಗಳು ದಾರಿಯುದ್ದಕ್ಕೂ ವಾದಿಸಿಕೊಂಡು ಬಂದಿದ್ದರು. ಮಗಳು ಮೊಬೈಲು ಹಿಡಿದು ಸಿದ್ಧಳಾದಳು. "ಏನಾದ್ರೂ ಒಂದು ಮಾತು ಹೇಳಿ, ನಿಧಾನಕ್ಕೆ," ಎಂದರು ಡಾಕ್ಟರಮ್ಮ. ಅಳುವಕ್ಕ ಗಂಡನ ಕಡೆ ತಿರುಗಿ, "ರೀ," ಎಂದಳು.

ಹೊರಬಂದದ್ದು ಹೆಂಗಸಿನ ದನಿಯೂ ಅಲ್ಲ, ಗಂಡಸಿನದೂ ಅಲ್ಲ. ಮಳೆಗಾಲದಲ್ಲಿ ಊದಿಕೊಂಡ ಬಾಗಿಲು ಕರ್ರೆಂದಂತಿತ್ತು.

"ಎಣ್ಣೆ ಬಿಡ್ಬೇಕು," ಎಂದ ಗಂಡ. ಇಪ್ಪತ್ತು ವರ್ಷದ ಕಸುಬು ಬಾಯಲ್ಲಿ ತಾನಾಗಿ ಬಂದುಬಿಟ್ಟಿತ್ತು. ಅಂದವನು ನಾಲಿಗೆ ಕಚ್ಚಿಕೊಂಡು ಬೆವರಿದ. ಮಗಳ ಕಣ್ಣು ತುಂಬಿತು. ಡಾಕ್ಟರಮ್ಮ ಮೆಲ್ಲನೆ, ದಿನ ಕಳೆದ ಹಾಗೆ ತುಸು ನಯವಾಗುತ್ತದೆ, ಆದರೆ ಆ ಹಳೆಯ ಸಣ್ಣ ದನಿ, ಆ ಏರು, ಮರಳುವುದು ಕಷ್ಟ ಎಂದು ಹೇಳಿಯೇಬಿಟ್ಟರು. ಯಾವುದಕ್ಕೆ ಹೆದರಿದ್ದಳೋ ಅದೇ ಆಯಿತು.

ದುಃಖ ಬಂತು. ಬರಲಿಲ್ಲವೆಂದರೆ ಸುಳ್ಳಾಗುತ್ತದೆ.  ಆದರೆ ಆ ಕರ್ರನೆಯ ಸದ್ದನ್ನು ಕೇಳಿದ್ದು ಯಾರು ಎಂದು ನೋಡಿದರೆ, ಅಳಿಲಿನ ಚಿಂವ್ ಎಂಬುದನ್ನು ಕೇಳಿದವಳೇ ಅಲ್ಲಿ ಕುಳಿತಿದ್ದಳು, ಕೂದಲೂ ಕೊಂಕದೆ. ಅವಳಿಗೆ ಮತ್ತೆ ನಗು ಬಂತು. ಈ ಸಲ ಸದ್ದು ಮಾಡಿಕೊಂಡೇ ಬಂತು, ಕರಕರ, ಗರಗರ. ಗಂಡ ನಕ್ಕ, ಮಗಳು ಅಳುತ್ತಲೇ ನಕ್ಕಳು. "ಸಾಕು, ಸಾಕು, ಮೊದಲ ದಿನವೇ ಇಷ್ಟು ನಗಬೇಡಿ," ಎಂದು ಗದರಿಸುತ್ತ ಡಾಕ್ಟರಮ್ಮನೂ ನಕ್ಕರು.

ನಾಯಕಿಯ ಪಾತ್ರ ಹೊಸ ಹುಡುಗಿಗೇ ಉಳಿಯಿತು. ಅಳುವಕ್ಕನಿಗೆ ಬೇರೆಯೇ ಒಂದು ಲೋಕ ತೆರೆಯಿತು. ಹೊಗೆಬತ್ತಿ ಸೇದುವ ದೋಣಿಯ ಅಜ್ಜಿ, ನೂರು ವರ್ಷದ ಮಾಟಗಾತಿ, ಕಾರ್ಟೂನಿನಲ್ಲಿ ಮುದಿ ಆಮೆ, ಸಾಕ್ಷ್ಯಚಿತ್ರಗಳಲ್ಲಿ ಸಮುದ್ರದ ಕಥೆ ಹೇಳುವ ದನಿ. ಖಾಲಿ ತೆಗೆದುಕೊಳ್ಳುವಾಗ ಕಿವಿಯಪ್ಪ ಈಗ ಅವಳನ್ನು ಹೊರಗೆ ಕಳಿಸುತ್ತಿರಲಿಲ್ಲ. ಒಂದು ದಿನವಂತೂ ಅವಳು ಅದರಲ್ಲೇ ಎಷ್ಟು ಹಾಯಾಗಿ ಕುಳಿತಳೆಂದರೆ, ದೃಶ್ಯ ಬಂದು, ಆಮೆ ಬಾಯಿ ಆಡಿಸಿ, ಹೊರಟೂಹೋಯಿತು. "ಅಳುವಕ್ಕ, ನಿಮ್ಮ ಆಮೆ," ಎಂದು ಕಿವಿಯಪ್ಪ ಎಬ್ಬಿಸಬೇಕಾಯಿತು. ಆಮೆಗೆ ಅವಸರವೇನು ಎಂದು ಅವಳು ಕೇಳಿದಳು.

ಒಂದೇ ಒಂದು ಅಳುಕು ಮಾತ್ರ ಎಲ್ಲೋ ಉಳಿದಿತ್ತು. ಟೀವಿಯಲ್ಲಿ ಈ ದನಿ ಬಂದರೆ ದೊಡ್ಡಮ್ಮ ತನ್ನನ್ನು ಗುರುತು ಹಿಡಿಯುವಳೇ? ಜಗತ್ತು ಮರೆತರೆ ಮರೆಯಲಿ. ಆ ಮಂಡಿ ತಟ್ಟುವ ಕೈ ಸುಮ್ಮನಿದ್ದುಬಿಟ್ಟರೆ? ಎಷ್ಟು ಕೇಳಿಸಿಕೊಂಡರೇನು, ಎಷ್ಟು ತಿಳಿದರೇನು, ಸಾಕಿದವಳ ವಿಷಯಕ್ಕೆ ಬಂದರೆ ಅವಳು ಇನ್ನೂ ಅದೇ ಪುಟ್ಟಿ. ದೋಣಿಯ ಅಜ್ಜಿ ಟೀವಿಯಲ್ಲಿ ಬರುವ ಸಂಜೆ ಅಳುವಕ್ಕ ಯಾರಿಗೂ ಹೇಳದೆ ದೊಡ್ಡಮ್ಮನ ಪಕ್ಕ ಕುಳಿತಳು. ಗಂಡನೂ ಮಗಳೂ ಹೊರಗೆ ಹೋಗಿದ್ದರು. ದೊಡ್ಡಮ್ಮ ಎಂದಿನಂತೆ, "ಇನ್ನೂ ಸ್ವಲ್ಪ ಜೋರು ಮಾಡು," ಎಂದು ಕಣ್ಣು ಮುಚ್ಚಿ ಕುಳಿತಳು.

ಹೊಳೆ ಬಂತು, ದೋಣಿ ಬಂತು. ಅಜ್ಜಿ ಕೆಮ್ಮಿ, ಒಡೆದ ದನಿಯಲ್ಲಿ, "ಯಾವ ದಡಕ್ಕಪ್ಪ?" ಎಂದಳು. ಅಳುವಕ್ಕ ದೊಡ್ಡಮ್ಮನ ಕೈಯನ್ನೇ ನೋಡಿದಳು. ದೊಡ್ಡಮ್ಮನ ಕೈ ಮೇಲೆದ್ದು ಅವಳ ಮಂಡಿ ತಟ್ಟಿತು. "ಇದು ನೀನು."

ಅಳುವಕ್ಕನ ಕಣ್ಣಲ್ಲಿ ನೀರು ಬಂತು. ದೋಣಿಯಲ್ಲಿದ್ದ ಪ್ರಯಾಣಿಕ, ಎತ್ತರದ ಗಂಡಸು, ಆಚೆ ದಡ ಎಂದ. ಕೈ ಮತ್ತೆ ತಟ್ಟಿತು. "ಇದೂ ನೀನೇ." ದಡದಲ್ಲಿ ನಾಯಿ ಬೊಗಳಿತು. "ಇದೂ ನೀನೇ." ಮಧ್ಯೆ ಸಿಮೆಂಟಿನ ಜಾಹೀರಾತು ಬಂದು ಹತ್ತು ಜನ ಕೂಲಿಗಳು ಒಟ್ಟಿಗೆ ಕೂಗಿದರು. ದೊಡ್ಡಮ್ಮ ಕಣ್ಣು ತೆರೆಯದೆ, ಇನ್ನೂ ಗಟ್ಟಿಯಾಗಿ ತಟ್ಟಿದಳು.

ಅಳುವಕ್ಕ ಟೀವಿ ಆರಿಸಿದಳು. "ದೊಡ್ಡಮ್ಮ," ಎಂದಳು ಕರಕರನೆ, "ನಿಜ ಹೇಳು. ಟೀವಿಯಲ್ಲಿ ನನ್ನ ದನಿ ನಿಂಗೆ ಗುರುತು ಸಿಗುತ್ತಾ?"

ದೊಡ್ಡಮ್ಮ ಒಂದು ಕಣ್ಣು ತೆರೆದಳು. "ಎದುರು ಕೂತು ಮಾತಾಡಿದ್ರೆ ಕೇಳಿಸುತ್ತೆ ಕಣೇ. ಆ ಡಬ್ಬದಿಂದ ಬರೋದೆಲ್ಲ ನಂಗೆ ಬರೀ ಗುಜುಗುಜು. ಎಷ್ಟೋ ವರ್ಷ ಆಯ್ತು."

"ಮತ್ತೆ ಇಷ್ಟು ದಿನ ಹೇಗೆ ಸರಿಯಾಗಿ ಹೇಳ್ತಿದ್ದೆ?"

"ಎಲ್ಲಾರ್ನೂ ನೀನೇ ಅಂತಿದ್ದೆ. ಅದರಲ್ಲಿ ನೀನು ಇದ್ದಾಗ ಚಪ್ಪಾಳೆ ತಟ್ತಿದ್ರಿ, ಇಲ್ದಿದ್ದಾಗ ನಿಮ್ಮ ನಿಮ್ಮ ಮಾತಲ್ಲಿ ಕಿವಿಗೇ ಹಾಕ್ಕೋತಿರ್ಲಿಲ್ಲ, ಇಲ್ಲಾ ಜಾಹೀರಾತು ಅಂತ ಎದ್ದು ಹೋಗ್ತಿದ್ರಿ. ಮೀಸೆಯವನ ದಿನ ಮಾತ್ರ ಸಿಕ್ಕಿಬಿದ್ದೆ."

ಅಳುವಕ್ಕ ತನ್ನ ಮಂಡಿ ಸವರಿಕೊಂಡಳು.  

"ಸುಳ್ಳು ಹೇಳಿದೆ ಅಂದ್ಕೊಂಡ್ಯಾ?" ದೊಡ್ಡಮ್ಮ ಅವಳ ಕೈಯನ್ನು ತನ್ನ ಎರಡು ಕೈಯೊಳಗೆ ತೆಗೆದುಕೊಂಡಳು. "ಇದಲ್ಲ, ಇದಲ್ಲ ಅಂತ ಒರೆಸ್ತಾ ಹೋಗೋದು ಪಾಠದ ಮೊದಲ ಅರ್ಧ. ಒರೆಸಿ ಉಳೀತಲ್ಲ, ಅದೇ ಎಲ್ಲಾ ಕಡೆ ಇರೋದು. ಮೀಸೆಯವನಲ್ಲೂ ಅದೇ, ನಾಯಿಯಲ್ಲೂ ಅದೇ. ಇದು ಎರಡನೇ ಅರ್ಧ. ನೀನು ಆ ಹೊತ್ತಿಗೆ ಯಾವಾಗ್ಲೂ ಬಿಸ್ಕತ್ತು ತರೋಕೆ ಹೋಗ್ತಿದ್ದೆ. ಅದಕ್ಕೆ ದಿನಾ ಸಂಜೆ ಮಂಡಿ ತಟ್ಟಿ ಹೇಳ್ಕೊಡ್ತಿದ್ದೆ."

ಅಳುವಕ್ಕ ಆ ಕೈಗಳಿಗೆ ಹಣೆಯೊತ್ತಿ, ತನ್ನ ಹೊಸ ದನಿಯಲ್ಲಿ, ಒಡಕಲಾಗಿ, ಎದೆ ತುಂಬಿ ನಕ್ಕಳು. ಇನ್ನು ಯಾರೂ ಅವಳನ್ನು ಗುರುತು ಹಿಡಿಯಬೇಕಾಗಿರಲಿಲ್ಲ. ಆಮೇಲೆ ತಲೆಯೆತ್ತಿ ಕೇಳಿದಳು, "ಹಾಗಾದ್ರೆ ದೊಡ್ಡಮ್ಮ, ನೀನು?"

"ಅದನ್ನೂ ನಾನೇ ಹೇಳ್ಬೇಕಾ?" ಎಂದಳು ದೊಡ್ಡಮ್ಮ. "ಎದ್ದು ಟೀ ಇಡು ಹೋಗು. 'ನಾನು ಕುಡಿದ್ರೆ ದೊಡ್ಡಮ್ಮ ಕುಡಿದ ಹಾಗೇ' ಅಂತ ಒಂದೇ ಲೋಟ ಮಾಡ್ಕೊಂಡು ಬರಬೇಡ ಮತ್ತೆ. ಎರಡು ತಾ."

ಅಳುವಕ್ಕ ಅಡುಗೆಮನೆಗೆ ಹೋದಳು. ನೀರು ಕುದಿಯಲು ತೊಡಗಿದಾಗ ಯಾರೋ ಕರಕರ ದನಿಯಲ್ಲಿ ಹಾಡು ಗುನುಗುತ್ತಿರುವುದು ಅವಳಿಗೆ ಕೇಳಿಸಿತು. ಕೇಳುತ್ತ ನಿಂತಳು. ಚೆನ್ನಾಗಿಯೇ ಇತ್ತು. ಎರಡು ಲೋಟ ತೊಳೆದು ಇಟ್ಟಳು.